ಕಪ್ಪು ಕನ್ನಡಿಯ ಮೇಲಿನ ಮಬ್ಬು

ಆಯುಧಪೂಜೆಯ ಮುನ್ನಾದಿನ ಬೆಂಗಳೂರು, ಮೈಸೂರಿನ ಬೀದಿಗಳಲ್ಲಿ ಬೆಳಗಿನಿಂದಲೇ ಬಕೆಟ್ಟಿನ ಸದ್ದು. ಮನೆಮನೆಯ ಮುಂದೆ ಸ್ಕೂಟರು, ಕಾರು, ಮಕ್ಕಳ ಸೈಕಲ್ಲಿಗೆ ಸ್ನಾನ. ಈ ಸಾಲಿನಲ್ಲಿ ಕಪ್ಪು ಕಾರಿನವನನ್ನು ದೂರದಿಂದಲೇ ಗುರುತಿಸಬಹುದು. ಉಳಿದವರು ಒರೆಸಿ ಒಳಗೆ ಹೋದ ಮೇಲೂ ಅವನು ಬಾನೆಟ್ ಪಕ್ಕದಲ್ಲಿ ಬಗ್ಗಿ, ತಲೆ ವಾರೆ ಮಾಡಿ, ಬೆಳಕು ಬಿದ್ದ ಕಡೆ ಕಣ್ಣು ಕಿರಿದಾಗಿಸಿ ನೋಡುತ್ತಲೇ ಇರುತ್ತಾನೆ. ತೊಳೆದಾಗಿದೆ, ವ್ಯಾಕ್ಸ್ ಹಾಕಿದ್ದಾಗಿದೆ, ಒರೆಸಿದ್ದೂ ಆಗಿದೆ. ಆದರೂ ನೀರುಮಜ್ಜಿಗೆ ಚೆಲ್ಲಿ ಒರೆಸಿದಂಥ ಮಬ್ಬು, ಕೈ ಓಡಿದಲ್ಲೆಲ್ಲ ಗೆರೆ. ಇನ್ನೊಮ್ಮೆ ಒರೆಸಿದರೆ ಗೆರೆ ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ.

ಪೂಜೆಗೆ ಮುಂಚೆ ಶುದ್ಧಿಯಾಗಬೇಕು ಎಂಬುದು ಈ ನಾಡಿನಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲದ ಮಾತು. ಆದರೆ ಶುದ್ಧಿ ಎಂದರೆ ಏನು? ಇಲ್ಲದ ಹೊಳಪನ್ನು ತಂದು ಸೇರಿಸುವುದೋ, ಇರುವ ಹೊಳಪಿನ ಮೇಲೆ ಕೂತದ್ದನ್ನು ತೆಗೆಯುವುದೋ? ಶಂಕರಾಚಾರ್ಯರು ಬ್ರಹ್ಮಸೂತ್ರದ ಮೊದಲ ಪಾದದ ನಾಲ್ಕನೆಯ ಸೂತ್ರಕ್ಕೆ ಭಾಷ್ಯ ಬರೆಯುವಾಗ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದಾರೆ. ಅವರು ಅಲ್ಲಿ ಚರ್ಚಿಸುವ ಉದಾಹರಣೆ, ಉಜ್ಜಿ ಬೆಳಗಿಸಿದ ಕನ್ನಡಿ.

ಅಲ್ಲಿಗೆ ಹೋಗುವ ಮುನ್ನ ಬಾನೆಟ್ಟಿನ ಮೇಲಿನ ಬೆಳಕನ್ನು ಸರಿಯಾಗಿ ನೋಡಬೇಕು. ಇವತ್ತಿನ ಕಾರುಗಳಲ್ಲಿ ಕಪ್ಪು ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪದರ ಇರುತ್ತದೆ. ಸಾಮಾನ್ಯವಾಗಿ ಅದರ ದಪ್ಪ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ನೇರವಾಗಿ ಬಿದ್ದ ಬೆಳಕಿನ ನೂರರಲ್ಲಿ ಸುಮಾರು 4 ಪಾಲನ್ನು ಈ ಪದರದ ಮೇಲ್ಮೈ ತಿರುಗಿಸಿ ಕಳಿಸುತ್ತದೆ, ಉಳಿದದ್ದು ಒಳಗಿಳಿದು ಕಪ್ಪಿನಲ್ಲಿ ಅಡಗುತ್ತದೆ. ಬಿಳಿ ಕಾರಿನ ಮೇಲೂ ಅದೇ ಪದರ, ಅದೇ 4 ಪಾಲು. ಆದರೆ ಅಲ್ಲಿ ಕೆಳಗಿನ ಬಿಳಿ ಬಣ್ಣ ಬೆಳಕನ್ನು ಎಲ್ಲ ದಿಕ್ಕಿಗೂ ಎರಚುವುದರಿಂದ ಪ್ರತಿಬಿಂಬ ಅದರಲ್ಲಿ ಮುಳುಗಿಹೋಗುತ್ತದೆ. ಒಣಗಿ ಉಳಿದ ಮೇಣವೂ ಬೆಳಕನ್ನು ಎರಚುವಂಥದ್ದೇ. ಬಿಳಿಯ ಮೇಲೆ ಅದು ಗುಂಪಿನಲ್ಲಿ ಸೇರಿಹೋಗುತ್ತದೆ, ಕಪ್ಪಿನ ಮೇಲೆ ಒಂಟಿಯಾಗಿ ಕಾಣುತ್ತದೆ. ಕಪ್ಪು ಕಾರಿಗೆ ಮಬ್ಬು ಹೆಚ್ಚು ಹಿಡಿಯುತ್ತದೆ ಎಂಬುದು ತಪ್ಪು. ಹಿಡಿದದ್ದನ್ನು ಅದು ಮುಚ್ಚಿಡುವುದಿಲ್ಲ.

ಕಾರಿನ ವ್ಯಾಕ್ಸಿಗೆ ಹೆಸರಾದ ಮೇಣದ ಊರು ಬ್ರೆಜಿಲ್. ಆ ದೇಶದ ಈಶಾನ್ಯ ಭಾಗದ ಒಣ ಸೀಮೆಯಲ್ಲಿ ಕಾರ್ನೌಬಾ ಎಂಬ ತಾಳೆಯ ಜಾತಿಯ ಮರ ಬೆಳೆಯುತ್ತದೆ. ಬಿರುಬೇಸಗೆಯಲ್ಲಿ ಗರಿಯ ನೀರು ಆರಿಹೋಗದಂತೆ ಮರ ತಾನೇ ಮೇಣ ಒಸರಿ ಹೊದ್ದುಕೊಳ್ಳುತ್ತದೆ. ಜನ ಗರಿ ಕೊಯ್ದು, ಒಣಗಿಸಿ, ಬಡಿದು ಮೇಣ ಉದುರಿಸುತ್ತಾರೆ. ಜೇನುಮೇಣ 62–64 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಇದು ಕರಗಲು 82–86 ಡಿಗ್ರಿ ಬೇಕು. ಬರೀ ಕಾರ್ನೌಬಾ ಕಲ್ಲಿನಂತೆ ಗಡಸು, ಕೈಯಿಂದ ಹಚ್ಚಲಾಗದು. ಅದಕ್ಕೇ ಡಬ್ಬಿಯಲ್ಲಿ ಅದರ ಜೊತೆ ಎಣ್ಣೆಯೂ ಬೇಗ ಆರಿಹೋಗುವ ದ್ರಾವಕವೂ ಬೆರೆತಿರುತ್ತವೆ. ಹಚ್ಚಿದ ಮೇಲೆ ದ್ರಾವಕ ಆರಬೇಕು, ಮೇಣದ ತೆಳುಪೊರೆ ನಿಲ್ಲಬೇಕು, ಮಿಕ್ಕದ್ದೆಲ್ಲ ಬಟ್ಟೆಗೆ ಬರಬೇಕು.

ತಪ್ಪುವುದು ಇಲ್ಲಿಯೇ. ಬಿಸಿಲಿನಲ್ಲಿ ನಿಂತ ಕಪ್ಪು ತಗಡು ಕೈ ಇಡಲಾಗದಷ್ಟು ಕಾಯುತ್ತದೆ. ಹಚ್ಚುತ್ತಿದ್ದಂತೆ ದ್ರಾವಕ ಹಾರಿಹೋಗಿ ಮೇಣ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ, ಕರಾವಳಿಯ ತೇವದ ಗಾಳಿಯಲ್ಲಿ ಆರುವುದು ನಿಧಾನ. ಕಾಯದೆ ಒರೆಸಿದರೆ ಎಣ್ಣೆ ಬಳಿದಂತಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪು ದಪ್ಪಗೆ ಮೆತ್ತುವುದು. ಹೆಚ್ಚು ಮೇಣ ಹೆಚ್ಚು ಹೊಳಪು ಕೊಡುತ್ತದೆ ಎಂಬ ನಂಬಿಕೆ ಇದರ ಬೇರು. ದಪ್ಪ ಪದರದ ಮೇಲುಭಾಗ ಒಣಗಿದಾಗ ಅಡಿಭಾಗ ಇನ್ನೂ ಹಸಿಯಾಗಿರುತ್ತದೆ, ಬಟ್ಟೆ ಎರಡನ್ನೂ ಕಲಸಿ ಎಳೆದುಕೊಂಡು ಹೋಗುತ್ತದೆ. ಗೆರೆ ಹುಟ್ಟುವುದು ಹಾಗೆ.

ಕೆಲಸ ಬಲ್ಲವರು ಕಾರನ್ನು ಮೊದಲು ನೆರಳಿಗೆ ತರುತ್ತಾರೆ. ಮುಂಗೈ ಇಟ್ಟರೆ ತಗಡು ತಣ್ಣಗಿರಬೇಕು. ತೊಳೆದು ಒಣಗಿಸಿದ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಬೆರಳಿಟ್ಟು ಬಣ್ಣದ ಮೇಲೆ ಸವರುತ್ತಾರೆ. ಗರಗರ ಎಂದರೆ ಕಣ್ಣಿಗೆ ಕಾಣದ ಧೂಳು, ಮರದ ಅಂಟು, ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ ಇನ್ನೂ ಕಚ್ಚಿಕೊಂಡಿದೆ ಎಂದರ್ಥ. ಅದನ್ನು ಜೇಡಿಯಂತೆ ಮೆತ್ತಗಿರುವ ಕ್ಲೇ ಬಾರ್‌ನಿಂದ, ಮೇಲೆ ಜಾರುವ ದ್ರವ ಸಿಂಪಡಿಸಿಕೊಂಡು, ತೆಗೆಯಬೇಕು. ಆಮೇಲೆ ಸ್ಪಂಜಿನ ತುದಿಗೆ ಚೂರೇ ಮೇಣ, ಒಂದು ಸಲಕ್ಕೆ ಅರ್ಧ ಬಾನೆಟ್ ಮಾತ್ರ, ಕನ್ನಡಿಗೆ ಉಸಿರು ಬಿಟ್ಟಾಗ ಕೂರುವ ಆವಿಯಷ್ಟು ತೆಳುವಾಗಿ. ಕೆಲವು ವ್ಯಾಕ್ಸುಗಳನ್ನು ಹಚ್ಚಿದ ಕೂಡಲೇ ಒರೆಸಬೇಕು, ಕೆಲವನ್ನು ಮಂಜು ಕಟ್ಟುವವರೆಗೆ ಬಿಡಬೇಕು. ಡಬ್ಬಿಯ ಮೇಲಿನ ಬರಹ ಓದದೆ ಇದು ತಿಳಿಯುವುದಿಲ್ಲ. ಬಿಡಬೇಕಾದ್ದಕ್ಕೆ ಬೆರಳೇ ಗಡಿಯಾರ: ಒಂದು ಗೀಟು ಎಳೆದಾಗ ಅಡಿಯಲ್ಲಿ ಹೊಳಪು ಚೊಕ್ಕವಾಗಿ ಕಂಡರೆ ಸಮಯವಾಗಿದೆ, ಜಿಡ್ಡು ಬಳಿದರೆ ಇನ್ನೂ ಕಾಯಬೇಕು. ಒರೆಸಲು ಎರಡು ಮೈಕ್ರೋಫೈಬರ್ ಬಟ್ಟೆ, ಒಂದು ಮೇಣ ಎತ್ತಲು, ಇನ್ನೊಂದು ಕೊನೆಗೆ ತಿಕ್ಕಲು. ಮಗ್ಗುಲು ಬದಲಿಸುತ್ತಲೇ ಇರಬೇಕು. ಮಬ್ಬು ಉಳಿದರೆ ತಣ್ಣೀರಿನ ತುಂತುರು ಹಾಕಿ ಶುಭ್ರ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಬಲ ಹಾಕಿ ಉಜ್ಜುವುದು ಕಟ್ಟಕಡೆಯ ದಾರಿಯೂ ಅಲ್ಲ.

ಇನ್ನು ಭಾಷ್ಯದ ಕನ್ನಡಿ. ಶಂಕರರು ಹೇಳುವಂತೆ ಸಂಸ್ಕಾರ ಎರಡೇ ಬಗೆ: ಗುಣವೊಂದನ್ನು ಸೇರಿಸುವ ಗುಣಾಧಾನ, ದೋಷವನ್ನು ಕಳೆಯುವ ದೋಷಾಪನಯನ. ಕಾರಿನ ಕೆಲಸದಲ್ಲಿ ಎರಡೂ ಕಣ್ಣೆದುರೇ ಇವೆ. ಮೇಣ ಮೊದಲನೆಯದು; ಅರೆಯುವ ಸಣ್ಣ ಕಣಗಳಿರುವ ಪಾಲಿಶ್ ಎರಡನೆಯದು. ಮೇಣ ಕೂದಲೆಳೆ ಗೀರುಗಳೊಳಗೆ ತುಂಬಿ ಅವನ್ನು ಮರೆಮಾಚುತ್ತದೆ, ನಾಲ್ಕಾರು ಸಲ ತೊಳೆದ ಮೇಲೆ ಗೀರು ಮತ್ತೆ ಮೇಲೆ ಬರುತ್ತದೆ. ಪಾಲಿಶ್ ಗೀರನ್ನೇ ತೆಗೆಯುತ್ತದೆ, ಗೀರಿನ ಸುತ್ತಲ ಪದರವನ್ನು ಅಷ್ಟರಮಟ್ಟಿಗೆ ಅರೆದು.

ಭಾಷ್ಯದಲ್ಲಿ ಎದುರುವಾದಿ ಕೇಳುತ್ತಾನೆ: ಮೋಕ್ಷ ಆತ್ಮದ ಸ್ವಭಾವವೇ ಆಗಿದ್ದು ಮುಚ್ಚಿಹೋಗಿರಬಹುದಲ್ಲ? ಉಜ್ಜಿದಾಗ ಕನ್ನಡಿಯ ಹೊಳಪು ಹೊರಬರುವಂತೆ ಕರ್ಮದಿಂದ ಅದೂ ಹೊರಬರಬಹುದಲ್ಲ? ಪ್ರಶ್ನೆಗೆ ತೂಕವಿದೆ. ಭಗವದ್ಗೀತೆಯ ಮೂರನೆಯ ಅಧ್ಯಾಯವೇ ಕಾಮದಿಂದ ಜ್ಞಾನ ಮುಚ್ಚಿಹೋಗುವುದಕ್ಕೆ ಕೊಳೆ ಹಿಡಿದ ಕನ್ನಡಿಯ ಹೋಲಿಕೆ ಕೊಟ್ಟಿದೆ. ಆಗಿನ ಕನ್ನಡಿ ಲೋಹದ್ದು, ಉಜ್ಜದೆ ಮುಖ ಕಾಣದಂಥದ್ದು. ಶಂಕರರು ಹುಟ್ಟಿದ ಕೇರಳದಲ್ಲಿ, ಆರನ್ಮುಳದಲ್ಲಿ, ತಾಮ್ರ ತವರ ಬೆರೆಸಿ ಎರಕ ಹೊಯ್ದು ದಿನಗಟ್ಟಲೆ ಉಜ್ಜಿ ಕನ್ನಡಿ ಮಾಡುವ ಮನೆತನಗಳು ಇಂದಿಗೂ ಇವೆ.

ಶಂಕರರ ಉತ್ತರ ಒಪ್ಪಿಗೆಯದಲ್ಲ. ಕ್ರಿಯೆ ಯಾವುದನ್ನು ಆಶ್ರಯಿಸಿದೆಯೋ ಅದನ್ನು ಬದಲಿಸದೆ ನಡೆಯುವುದೇ ಇಲ್ಲ. ಆತ್ಮವನ್ನು ಉಜ್ಜಬಹುದಾದರೆ ಆತ್ಮ ಬದಲಾಗುವ ವಸ್ತುವಾಗುತ್ತದೆ, ಬದಲಾಗುವುದು ನಿತ್ಯವಲ್ಲ. ಈ ಮಾತನ್ನು ಪುಸ್ತಕದಲ್ಲಿ ಓದುವಾಗ ತರ್ಕದ ಚಮತ್ಕಾರದಂತೆ ತೋರಬಹುದು. ಪಾಲಿಶ್ ಮೆಷಿನ್ ಹಿಡಿದವರಿಗೆ ಅದು ಅಕ್ಷರಶಃ ನಿಜ. ಪ್ರತಿ ಪಾಲಿಶಿಗೂ ಕ್ಲಿಯರ್ ಕೋಟ್ ಒಂದಿಷ್ಟು ಸವೆಯುತ್ತದೆ. ಇರುವುದೇ 40–50 ಮೈಕ್ರಾನ್. ಎಚ್ಚರ ತಪ್ಪಿ ಅರೆಯುತ್ತ ಹೋದರೆ ಒಂದು ದಿನ ಅಂಚಿನಲ್ಲಿ ಪದರವೇ ಹೋಗಿ, ಯಾವ ಮೇಣಕ್ಕೂ ಬಗ್ಗದ ಮಂಕು ಕಾಣಿಸುತ್ತದೆ. ಹೊಳಪನ್ನು ಹೊರತರುವ ಕೈಯೇ ಹೊಳಪಿಗೆ ನೆಲೆಯಾದದ್ದನ್ನು ತಿಂದಿರುತ್ತದೆ.

ಹಾಗಾದರೆ ಸ್ನಾನ, ಆಚಮನ ಇವೆಲ್ಲ ಯಾರನ್ನು ಶುದ್ಧ ಮಾಡುತ್ತವೆ? ಎದುರುವಾದಿ ಇದನ್ನೂ ಕೇಳದೆ ಬಿಡುವುದಿಲ್ಲ. ದೇಹದ ಜೊತೆ ಸೇರಿಕೊಂಡು ‘ನಾನು’ ಎಂದುಕೊಳ್ಳುವವನನ್ನು ಎಂದು ಶಂಕರರ ಉತ್ತರ. ಅವನಿಗೆ ಶುದ್ಧಿ ಬೇಕು, ಅವನಿಗೆ ಅದು ಆಗುತ್ತದೆ ಕೂಡ. ಕರ್ಮದಿಂದ ಚಿತ್ತಶುದ್ಧಿ ಎಂಬ ಬಾಗಿಲನ್ನು ಅವರು ಮುಚ್ಚಿಲ್ಲ. ಮುಚ್ಚಿದ್ದು ಅದೇ ಮೋಕ್ಷ ಎಂಬ ಬಾಗಿಲನ್ನು.

ಚೀನಾದಲ್ಲೂ ಇದೇ ಜಗಳ ನಡೆದಿದೆ. ಚಾನ್ ಬೌದ್ಧರ ಕಥೆಯ ಪ್ರಕಾರ ಏಳನೆಯ ಶತಮಾನದಲ್ಲಿ ಗುರು ಹೊಂಗ್‌ರೆನ್ ತನ್ನ ಉತ್ತರಾಧಿಕಾರಿಯನ್ನು ಆರಿಸಲು ಶಿಷ್ಯರಿಂದ ಪದ್ಯ ಕೇಳಿದ. ಹಿರಿಯ ಶಿಷ್ಯ ಶೆನ್‌ಶಿಯು ಮನಸ್ಸು ಕನ್ನಡಿ, ದಿನವೂ ಧೂಳು ಒರೆಸಬೇಕು ಎಂಬ ಭಾವ ಬರೆದ. ಅಕ್ಕಿ ಕುಟ್ಟುತ್ತಿದ್ದ ಹುಯಿನೆಂಗ್, ಕನ್ನಡಿಯೇ ಇಲ್ಲದಿರುವಾಗ ಧೂಳು ಎಲ್ಲಿ ಕೂರಬೇಕು ಎಂದು ಕೇಳಿ ಗೆದ್ದ. ಗೆದ್ದವನ ಕಡೆಯವರು ಹೇಳಿದ ಕಥೆ ಇದು. ಶೆನ್‌ಶಿಯು ತನ್ನ ಕಾಲದಲ್ಲಿ ಸಾಮ್ರಾಜ್ಞಿ ವೂ ರಾಜಧಾನಿಗೆ ಕರೆಸಿ ಗೌರವಿಸಿದ ದೊಡ್ಡ ಗುರು. ಒರೆಸುವವನನ್ನು ಸೋತವನೆಂದು ಬದಿಗಿಡುವುದು ನ್ಯಾಯವಲ್ಲ. ಕನ್ನಡಿಯೇ ಇಲ್ಲ ಎಂಬ ಮಾತು ಹೇಳುವ ಹಕ್ಕು, ವರ್ಷಗಟ್ಟಲೆ ಒರೆಸಿ ಅದರ ಮಿತಿ ಕಂಡವನಿಗೂ ಇರಬೇಕಲ್ಲ.

ಉಡುಪಿಯ ಮಧ್ವಾಚಾರ್ಯರದು ಮೂರನೆಯ ದಾರಿ. ಅವರಿಗೆ ಜೀವ ಪ್ರತಿಬಿಂಬ, ಹರಿ ಬಿಂಬ. ಈ ಪ್ರತಿಬಿಂಬ ಕನ್ನಡಿ ಒಡೆದರೆ ಅಳಿಯುವಂಥದ್ದಲ್ಲ, ನಿತ್ಯವಾದದ್ದು, ಸತ್ಯವಾದದ್ದು. ಮುಕ್ತಿಯೆಂದರೆ ಜೀವನ ಸ್ವರೂಪದಲ್ಲೇ ಇರುವ ಆನಂದ ಹೊರಗೆ ತೋರುವುದು. ಎದುರುವಾದಿಯ ಮಾತಿಗೆ ಇದು ಹತ್ತಿರ ಎನಿಸಬಹುದು, ಆದರೆ ಒಂದು ದೊಡ್ಡ ವ್ಯತ್ಯಾಸವಿದೆ: ಮುಸುಕು ನಿಜ, ಅದನ್ನು ಕೊನೆಗೆ ಸರಿಸುವುದು ಜೀವನ ಕೈಬಲವಲ್ಲ, ಹರಿಯ ಪ್ರಸಾದ. ಒರೆಸುವವರು ಯಾರು ಎಂಬ ಪ್ರಶ್ನೆಯನ್ನು ಹೀಗೆ ನೇರವಾಗಿ ಎದುರಿಸಿದ್ದು ದ್ವೈತದ ಹೆಚ್ಚುಗಾರಿಕೆ. ಕಾರು ತನ್ನನ್ನು ತಾನು ಒರೆಸಿಕೊಳ್ಳುವುದಿಲ್ಲ.

ಮರುದಿನ ಬೆಳಿಗ್ಗೆ ಅದೇ ಬಾನೆಟ್ಟಿಗೆ ಹಾರ ಬೀಳುತ್ತದೆ. ಚಕ್ರದಡಿ ನಿಂಬೆಹಣ್ಣು, ಬಾಗಿಲ ಮುಂದೆ ಬೂದುಗುಂಬಳ. ಹಿಂದಿನ ದಿನ ಮಬ್ಬಿನ ಒಂದು ಚುಕ್ಕೆಯನ್ನೂ ಬಿಡದೆ ಒರೆಸಿದ ಕೈ, ಈಗ ಗಂಧದಲ್ಲಿ ಬೆರಳದ್ದಿ ನಡುಮಧ್ಯೆ ಬೊಟ್ಟು ಇಡುತ್ತದೆ, ಅದರ ಮೇಲೆ ಕುಂಕುಮ. ಕೆಲವರ ಮನೆಯಲ್ಲಿ ವಿಭೂತಿಯ ಮೂರು ಗೆರೆ. ಬೆಳಕಿನ ಲೆಕ್ಕದಲ್ಲಿ ಒಣಗಿದ ಮೇಣಕ್ಕೂ ವಿಭೂತಿಗೂ ಭೇದವಿಲ್ಲ. ಎರಡೂ ಕಪ್ಪಿನ ಮೇಲೆ ಕೂತು ಬೆಳಕನ್ನು ಎರಚುವ ಬಿಳಿ ಪುಡಿಗಳೇ. ಒಂದನ್ನು ತೆಗೆಯಲು ಅರ್ಧ ದಿನ ಹೋಯಿತು, ಇನ್ನೊಂದನ್ನು ಕೈಮುಗಿದು ಹಚ್ಚಲಾಯಿತು.

ಅರಿಶಿನ ಕುಂಕುಮ ಬಿಸಿಲಿನಲ್ಲಿ ದಿನಗಟ್ಟಲೆ ಕೂತರೆ ಕಲೆ ಉಳಿಯಬಹುದು, ಬೇಗ ಒರೆಸಿದರೆ ಒಳ್ಳೆಯದು. ವಿಜಯದಶಮಿಯ ಸಂಜೆ ಒದ್ದೆ ಬಟ್ಟೆ ಹಿಡಿದು ಬಂದವನಿಗೆ ಇದು ಗೊತ್ತು. ಬೊಟ್ಟಿನ ಸುತ್ತ ಒರೆಸುತ್ತ ಬರುತ್ತಾನೆ, ಬೊಟ್ಟಿನ ಹತ್ತಿರ ಬಂದಾಗ ಕೈ ತಡೆಯುತ್ತದೆ. ಬಾಗಿದ ಅವನ ಮುಖ ಕಪ್ಪಿನೊಳಗೆ ಕಾಣುತ್ತಿರುತ್ತದೆ, ಹಣೆಯ ನೇರಕ್ಕೆ ಆ ಕುಂಕುಮ.