ನೆಟ್ಟ ನೋಟವೂ ಓರೆ ನೋಟವೂ

ದ್ರೋಣಾಚಾರ್ಯರು ಶಿಷ್ಯರನ್ನು ಪರೀಕ್ಷಿಸಿದ ಕಥೆಯನ್ನು ಕೇಳದವರಿಲ್ಲ. ಮರದ ತುದಿಯಲ್ಲಿ ಕೃತಕವಾದ ಹಕ್ಕಿಯೊಂದನ್ನು ಇರಿಸಿ, "ಏನು ಕಾಣುತ್ತಿದೆ?" ಎಂದು ಒಬ್ಬೊಬ್ಬನನ್ನೂ ಕೇಳಿದರು. ಧರ್ಮರಾಯನಿಗೆ ಹಕ್ಕಿಯೂ ಕಂಡಿತು, ಮರವೂ ಕಂಡಿತು, ಗುರುಗಳೂ ತಮ್ಮಂದಿರೂ ಕಂಡರು. ಅವನನ್ನು ಪಕ್ಕಕ್ಕೆ ನಿಲ್ಲಿಸಿದರು. ಅರ್ಜುನನಿಗೆ ಹಕ್ಕಿಯ ತಲೆಯೊಂದಲ್ಲದೆ ಮತ್ತೇನೂ ಕಾಣಲಿಲ್ಲ. ಬಾಣವನ್ನು ಬಿಡುವ ಅಪ್ಪಣೆಯು ಅವನಿಗೆ ದೊರೆಯಿತು. ನೆಟ್ಟ ನೋಟವೆಂದರೆ ಗುಣ, ಚೆದರಿದ ನೋಟವೆಂದರೆ ದೋಷ ಎಂಬ ಭಾವನೆಯು ಇಂತಹ ಕಥೆಗಳಿಂದ ಜನರ ಮನಸ್ಸಿನಲ್ಲಿ ಬೇರೂರಿದೆ.

ಈ ಕಥೆಯನ್ನು ತಲೆಕೆಳಗು ಮಾಡಿದಂತಹ ಅವಸ್ಥೆಯೊಂದು ಮನುಷ್ಯರಿಗೆ ಬರುವುದುಂಟು. ಅದು ಬಂದವರಿಗೆ ಮರವು ಕಾಣುವುದು, ಕೊಂಬೆಗಳು ಕಾಣುವುವು, ಪಕ್ಕದಲ್ಲಿ ನಿಂತವರ ಉಡುಪು ಕಾಣುವುದು. ಹಕ್ಕಿಯ ತಲೆಯೊಂದು ಮಾತ್ರ ಕಾಣದು. ನೆಟ್ಟು ನೋಡಿದಷ್ಟೂ ಅದು ಅಳಿಸಿಹೋಗುವುದು. ದೃಷ್ಟಿಯನ್ನು ತುಸು ಅತ್ತ ತಿರುಗಿಸಿದರೆ ಮಸುಕುಮಸುಕಾಗಿ ಮರಳುವುದು. ಇಂತಹವನಿಗೆ ಅವನ ಮನೆಯವರೂ ವೈದ್ಯರೂ ಸಲ್ಲಿಸಬೇಕಾದುದೇನು? ಅವನ ಪರವಾಗಿ ತಾವೇ ನೋಡಿಬಿಡಬೇಕೋ, ಅಥವಾ ಉಳಿದ ನೋಟದಿಂದಲೇ ಅವನು ತಡವರಿಸಿ ನೋಡುವುದಕ್ಕೆ ಎಡೆಗೊಡಬೇಕೋ? ಪ್ರಶ್ನೆಯು ವೈದ್ಯಶಾಸ್ತ್ರದ್ದೆಂದು ತೋರಿದರೂ ಅದರ ಬೇರು ಧರ್ಮವಿಚಾರದಲ್ಲಿದೆ.

ಕಣ್ಣಿನ ಒಳಗೋಡೆಗೆ ಹಾಸಿದಂತಿರುವ ಅಕ್ಷಿಪಟದ ನಡುವೆ ಸುಮಾರು 5.5 ಮಿಲಿಮೀಟರು ಅಗಲದ ಒಂದು ಭಾಗವುಂಟು. ಅದಕ್ಕೆ ಮ್ಯಾಕ್ಯುಲ ಎಂದು ಹೆಸರು. ಅದರ ನಟ್ಟನಡುವೆ 1.5 ಮಿಲಿಮೀಟರಿನ ಒಂದು ಕುಳಿ. ಅಕ್ಷರವನ್ನು ಓದುವುದು, ಬಂದವರು ಯಾರೆಂದು ಮುಖದಿಂದ ಗುರುತಿಸುವುದು, ಸೂಜಿಗೆ ದಾರವನ್ನು ಪೋಣಿಸುವುದು, ಅಕ್ಕಿಯಲ್ಲಿ ಕಲ್ಲನ್ನು ಆರಿಸುವುದು, ಇವೆಲ್ಲವೂ ಆ ಅಲ್ಪ ಜಾಗದ ಕೆಲಸ. ತೋಳನ್ನು ಮುಂದಕ್ಕೆ ನೀಡಿದಾಗ ಹೆಬ್ಬೆರಳಿನ ಉಗುರು ಎಷ್ಟನ್ನು ಮರೆಮಾಡುವುದೋ, ಅತ್ಯಂತ ತೀಕ್ಷ್ಣವಾದ ನೋಟದ ವಿಸ್ತಾರವು ಹೆಚ್ಚು ಕಡಮೆ ಅಷ್ಟೇ. ಮುಪ್ಪಿನಲ್ಲಿ ಮ್ಯಾಕ್ಯುಲವು ಸವೆಯುವ ರೋಗದಿಂದ ಈ ನಡುನೋಟವು ಕೆಡುವುದು ಸಾಮಾನ್ಯ. ಎಳೆಯರಿಗೂ ಬರುವ ಇಂತಹದೇ ಒಂದು ಆನುವಂಶಿಕ ರೋಗವನ್ನು ಜರ್ಮನಿಯ ವೈದ್ಯ ಕಾರ್ಲ್ ಸ್ಟಾರ್ಗಾರ್ಟ್ 1909ರಲ್ಲಿ ವರ್ಣಿಸಿದನು. ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅಕ್ಷಿಪಟದ ಅಂಚುಗಳು ಸಾಮಾನ್ಯವಾಗಿ ಕೆಡದೆ ಉಳಿಯುವುದರಿಂದ, ಈ ರೋಗಗಳಿಂದ ಪೂರ್ಣವಾದ ಕತ್ತಲೆಯು ಬರುವುದು ಅಪೂರ್ವ.

ಚಿಕಿತ್ಸೆಯೇ ಇಲ್ಲವೆಂದಲ್ಲ. ಅಕ್ಷಿಪಟದ ಅಡಿಯಲ್ಲಿ ಹೊಸ ರಕ್ತನಾಳಗಳು ಬೆಳೆದು ಸೋರುವ ಬಗೆಯ ರೋಗಕ್ಕೆ ಕಣ್ಣಿನೊಳಗೆ ಚುಚ್ಚುವ ರಾನಿಬಿಜುಮ್ಯಾಬ್ ಎಂಬ ಔಷಧಕ್ಕೆ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅಂತಹವುಗಳಿಂದ ಅನೇಕರ ನೋಟವು ಉಳಿದಿದೆ. ಒಣಗಿ ಸವೆಯುವ ಬಗೆಗೆ 2023ರಲ್ಲಿ ಒಪ್ಪಿಗೆ ಪಡೆದ ಔಷಧಗಳು ಸವೆತದ ವೇಗವನ್ನು ತಗ್ಗಿಸುವುವು, ಕಳೆದುದನ್ನು ಮರಳಿಸಲಾರವು. ಹೀಗಿರುವುದರಿಂದ ಒಂದು ದಿನ ವೈದ್ಯನು, "ಇನ್ನು ಮಾಡುವುದೇನೂ ಇಲ್ಲ" ಎಂದು ಹೇಳುವ ಸಂದರ್ಭವು ಬಂದೊದಗುವುದು. ಔಷಧದ ವಿಷಯದಲ್ಲಿ ಆ ಮಾತು ಸತ್ಯವಾಗಿರಬಹುದು. ಆದರೆ ಕೇಳುವವನ ಕಿವಿಗೆ ಅದು ಔಷಧದ ಮಾತಾಗಿ ಬೀಳುವುದಿಲ್ಲ. ತನ್ನ ಓದು, ತನ್ನ ಕೆಲಸ, ತನ್ನ ಓಡಾಟ ಎಲ್ಲವೂ ಮುಗಿಯಿತೆಂಬ ತೀರ್ಪಾಗಿ ಬೀಳುವುದು. ಒಂದೇ ವಾಕ್ಯವು ಹೇಳುವವನ ಬಾಯಲ್ಲಿ ನಿಜವಾಗಿದ್ದು ಕೇಳುವವನ ಮನಸ್ಸಿನಲ್ಲಿ ಸುಳ್ಳಾದರೆ, ಆ ಸುಳ್ಳಿಗೆ ಹೇಳಿದವನು ಹೊಣೆಯಲ್ಲವೆ?

ಏಕೆಂದರೆ ಮಾಡುವುದು ಬಹಳ ಇದೆ. ಅದು ಔಷಧವಲ್ಲ, ಅಭ್ಯಾಸ. ಗಡಿಯಾರದ ಮುಖದಂತೆ ಒಂದು ಚಿತ್ರವನ್ನು ಬರೆದು ನಡುವೆ ಒಂದು ಅಕ್ಷರವನ್ನಿಡುವರು. ಕಲಿಯುವವನು ನಡುವನ್ನು ನೋಡದೆ ಹನ್ನೆರಡನ್ನು ನೋಡಬೇಕು, ಆಮೇಲೆ ಒಂದನ್ನು, ಆಮೇಲೆ ಎರಡನ್ನು. ಹೀಗೆ ಸುತ್ತಿಬರುವಾಗ ಯಾವುದೋ ಒಂದು ಗಂಟೆಯ ಕಡೆಗೆ ನೋಟವಿದ್ದಾಗ ನಡುವಿನ ಅಕ್ಷರವು ಉಳಿದೆಲ್ಲ ವೇಳೆಗಿಂತ ಚೆನ್ನಾಗಿ ತೋರುವುದು. ಅಕ್ಷಿಪಟದ ಅಂಚಿನಲ್ಲಿ ಅವನಿಗೆ ಒದಗುವ ಹೊಸ ತಾಣವದು. ಅದನ್ನು ಕಂಡುಕೊಳ್ಳುವುದು ಸುಲಭ. ಅಲ್ಲಿ ನಿಲ್ಲುವುದು ಕಷ್ಟ. ಹುಟ್ಟಿದಂದಿನಿಂದ ಕಣ್ಣಿಗೆ ಬಂದಿರುವ ಚಾಳಿಯೆಂದರೆ, ಬೇಕಾದುದರ ಕಡೆಗೆ ನೇರವಾಗಿ ಓಡುವುದು. ಆ ಚಾಳಿಯನ್ನು ದಿನದಿನವೂ ಹಿಡಿದು ನಿಲ್ಲಿಸಬೇಕು. ಮೊದಲು ದಪ್ಪನೆಯ ಬಿಡಿ ಅಕ್ಷರ, ಆಮೇಲೆ ಪದ, ಆಮೇಲೆ ಸಾಲು. ಓದುವಾಗ ಕಣ್ಣನ್ನು ಅಲ್ಲಾಡಿಸದೆ ಪುಟವನ್ನೇ ಎಡಕ್ಕೆ ಜರುಗಿಸುವುದನ್ನು ಕಲಿಸುವರು. ಸ್ವೀಡನ್ನಿನ ಬ್ಯಾಕ್ಮನ್ ಮತ್ತು ಇಂಡೆ ಎಂಬವರು 1970ರ ದಶಕದಲ್ಲಿ ಇಂತಹ ಅಭ್ಯಾಸವನ್ನು ಪಾಠಕ್ರಮವಾಗಿ ಕಟ್ಟಿದರು. ಕುರುಡು ತಾಣವು ಪದದ ಬಲಕ್ಕೆ ಬಿದ್ದರೆ ಮುಂದಿನ ಪದವು ಮರೆಯಾಗುವುದು, ಎಡಕ್ಕೆ ಬಿದ್ದರೆ ಸಾಲಿನ ಮೊದಲು ಸಿಕ್ಕುವುದಿಲ್ಲ. ಆದಕಾರಣ ಅದು ಸಾಲಿನ ಮೇಲಕ್ಕೋ ಕೆಳಕ್ಕೋ ಬೀಳುವಂತೆ ಅಭ್ಯಾಸ ಮಾಡಿಸುವುದು ಮೇಲೆಂದು ಅನೇಕ ಶಿಕ್ಷಕರ ಮತ. ಕನ್ನಡವನ್ನು ಓದುವವರಿಗಾದರೋ ಅಲ್ಲಿಯೂ ಎಚ್ಚರ ಬೇಕು; ಒತ್ತಕ್ಷರವು ಸಾಲಿನಿಂದ ಕೆಳಗಿಳಿದಿರುವುದರಿಂದ, ಅದು ಮರೆಯಾದರೆ ಕತ್ತೆಯೂ ಕತೆಯಾಗಿಬಿಡುವುದು.

ಮನೆಯಲ್ಲಿ ಮಾಡಬಹುದಾದ ಉಪಾಯಗಳೂ ಇವೆ. ಪುಸ್ತಕವನ್ನು ಅರ್ಧ ದೂರಕ್ಕೆ ತಂದರೆ ಅಕ್ಷರದ ಬಿಂಬವು ಎರಡರಷ್ಟಾಗುವುದು. ಅದಕ್ಕೆ ತಕ್ಕ ಮಸೂರವೊಂದು ಬೇಕು. ದೀಪವು ಹಾಳೆಯ ಹತ್ತಿರವಿರಬೇಕು, ಕಣ್ಣಿಗೆ ಎದುರಾಗಿರಬಾರದು. ಮಿರುಗುವ ತಟ್ಟೆಯಲ್ಲಿ ಬಿಳಿಯ ಅನ್ನವನ್ನು ಹುಡುಕಾಡುವವರು ಬಾಳೆಯೆಲೆಯ ಮೇಲೆ ಅದನ್ನೇ ಸಲೀಸಾಗಿ ಕಾಣುವರು.

ಇದರ ಹಿಂದಿನ ಚರಿತ್ರೆಯನ್ನು ನೋಡಿದರೆ ಆಶ್ಚರ್ಯವಾಗುವುದು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡು, ಅಮೆರಿಕಗಳಲ್ಲಿ ಮಂದದೃಷ್ಟಿಯ ಮಕ್ಕಳಿಗೆ ದೃಷ್ಟಿಯನ್ನು "ಉಳಿಸುವ" ತರಗತಿಗಳಿದ್ದವು. ಉಳಿದ ನೋಟವನ್ನು ಹುಂಡಿಯ ಹಣದಂತೆ ಬಗೆದು, ಬಳಸಿದರೆ ಕರಗುವುದೆಂದು ಹೆದರುತ್ತಿದ್ದರು. ನತಾಲಿ ಬರಾಗ ಎಂಬ ವಿದುಷಿಯು 1964ರಲ್ಲಿ ಪ್ರಕಟಿಸಿದ ತನ್ನ ಶೋಧನೆಯಲ್ಲಿ, ಸ್ವಲ್ಪವೇ ನೋಟವಿದ್ದ ಮಕ್ಕಳಿಗೆ ನೋಡುವುದನ್ನು ಕ್ರಮವಾಗಿ ಕಲಿಸಿದರೆ ಅವರು ಅದನ್ನು ಹೆಚ್ಚು ಚೆನ್ನಾಗಿ ಬಳಸಬಲ್ಲರೆಂದು ತೋರಿಸಿದಳು. ಹಿಂದಿನವರು ಕ್ರೂರರಾಗಿರಲಿಲ್ಲ; ಮಕ್ಕಳ ಮೇಲಿನ ಕರುಣೆಯಿಂದಲೇ ಮಕ್ಕಳ ಕಣ್ಣನ್ನು ಕಟ್ಟಿಹಾಕಿದ್ದರು.

ಆ ಬಗೆಯ ಕರುಣೆಯು ಮನೆಗಳಲ್ಲಿ ಇನ್ನೂ ಉಳಿದಿದೆ. ತಂದೆಯು ಭೂತಗನ್ನಡಿಯನ್ನು ಹಿಡಿದು ಪತ್ರಿಕೆಯ ಒಂದು ಸಾಲಿಗೆ ಒಂದು ನಿಮಿಷ ಹೆಣಗುತ್ತಿರುವುದನ್ನು ನೋಡಲಾರದೆ ಮಗನು, "ಕೊಡಿ ಅಪ್ಪಾ, ನಾನೇ ಓದುತ್ತೇನೆ" ಎನ್ನುವನು. ಅತ್ತೆಯು ಹುರುಳಿಕಾಯಿಯ ನಾರನ್ನು ಬೆರಳಿನಿಂದ ತಡವಿ ತೆಗೆಯುತ್ತಿದ್ದರೆ ಸೊಸೆಯು, "ನಿಮಗೇಕೆ ಈ ಕಷ್ಟ ಅತ್ತೆಮ್ಮ, ಕೂತುಕೊಳ್ಳಿ" ಎಂದು ಮೊರವನ್ನು ಎಳೆದುಕೊಳ್ಳುವಳು. ಇಲ್ಲಿ ಪ್ರೀತಿಯಿಲ್ಲವೆಂದು ಹೇಳುವವರಾರು? ಆದರೂ ಒಳಹೊಕ್ಕು ವಿಚಾರಿಸಿದರೆ, ಆ ಮಾತಿನಲ್ಲಿ ಪ್ರೀತಿಯ ಜೊತೆಗೆ ಮತ್ತೊಂದು ಅಂಶವೂ ಬೆರೆತಿರುವುದು: ಅವರ ನಿಧಾನವನ್ನು ನೋಡುತ್ತ ಕುಳಿತಿರುವುದು ನೋಡುವವರಿಗೆ ಹಿಂಸೆ. ತಮ್ಮ ಹಿಂಸೆಯನ್ನು ಕಳೆದುಕೊಳ್ಳುವುದಕ್ಕಾಗಿ ಮಾಡಿದ ಉಪಕಾರವನ್ನು ಅವರು ಹಿರಿಯರ ಲೆಕ್ಕಕ್ಕೆ ಬರೆಯುವರು. ಒಂದು ಸಲ ಓದಿಹೇಳಿದರೆ ಕೇಡಿಲ್ಲ. ದಿನವೂ ಹೇಳಿದರೆ ಆ ಕಣ್ಣು ಕಲಿಯುವ ಹೊತ್ತೇ ಉಳಿಯುವುದಿಲ್ಲ.

ಇದು ಕೇವಲ ತರ್ಕವಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, 126 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಕೂಡಲೇ ಶಿಕ್ಷಣವನ್ನು ಕೊಟ್ಟರು. ಇನ್ನೊಂದು ಪಾಲು ತನ್ನ ಸರದಿಗಾಗಿ ನಾಲ್ಕು ತಿಂಗಳು ಕಾದಿತು. ಶಿಕ್ಷಣವೆಂದರೆ ಮಹತ್ತಾದುದಲ್ಲ, ಸುಮಾರು ಹತ್ತು ಗಂಟೆಯ ಪಾಠ, ಮನೆಗೆ ಒಂದು ಭೇಟಿ, ಮನೆಯಲ್ಲಿ ಮಾಡತಕ್ಕ ಅಭ್ಯಾಸ. ಕಲಿತವರ ಓದುವ ಶಕ್ತಿಯು ಸ್ಪಷ್ಟವಾಗಿ ಹೆಚ್ಚಿತು, ಕಾದವರದು ಇಳಿಯಿತು. 2017ರಲ್ಲಿ ಪ್ರಕಟವಾದ ಎರಡನೆಯ ಪರೀಕ್ಷೆಯು 323 ಮಂದಿಯದು. ನಷ್ಟವು ಅಲ್ಪವಾಗಿದ್ದವರಿಗೆ ಮಸೂರಗಳನ್ನು ಕೊಟ್ಟು ಬಳಸುವ ಬಗೆಯನ್ನು ಹೇಳಿದರೂ ಸಾಕಾಯಿತು, ಹೆಚ್ಚು ನಷ್ಟವಾದವರಿಗೆ ಶಿಕ್ಷಕನ ಪಾಠದಿಂದ ಅಧಿಕ ಪ್ರಯೋಜನವಾಯಿತು. 2014ರ ಮತ್ತೊಂದು ಪರೀಕ್ಷೆಯು ಮನಸ್ಸಿಗೆ ಸಂಬಂಧಪಟ್ಟುದು. ಮ್ಯಾಕ್ಯುಲದ ರೋಗದಿಂದ ಕುಗ್ಗಿದ್ದ 188 ಮಂದಿಗೆ ದೃಷ್ಟಿಸಾಧನಗಳನ್ನು ಕೊಟ್ಟ ಮೇಲೆ, ಕೆಲವರ ಮನೆಗೆ ಹೋಗಿ ಅವರಿಗೆ ಪ್ರಿಯವಾದ ಕೆಲಸಗಳನ್ನು ಮತ್ತೆ ಮಾಡಿಸಿದರು. ಉಳಿದವರೊಡನೆ ಸಹಾನುಭೂತಿಯಿಂದ ಮಾತನಾಡಿದರು. ನಾಲ್ಕು ತಿಂಗಳಲ್ಲಿ ಮಾತನ್ನು ಪಡೆದವರಲ್ಲಿ 100ಕ್ಕೆ ಸುಮಾರು 23 ಮಂದಿ ಖಿನ್ನತೆಯ ರೋಗಕ್ಕೆ ಸಿಕ್ಕಿದರು. ಕೆಲಸಕ್ಕೆ ತೊಡಗಿದವರಲ್ಲಿ ಸುಮಾರು 13.

ಉಪಕಾರದ ತಪ್ಪಿಗಿಂತಲೂ ಕೆಟ್ಟ ತಪ್ಪೊಂದಿದೆ, ಅದು ಸಂಶಯ. ನಡುನೋಟವು ಹೋದವನು ಕಂಬಕ್ಕೆ ಡಿಕ್ಕಿ ಹೊಡೆಯದೆ ನಡೆಯುವನು. ನೆಲದ ಮೇಲೆ ಬಿದ್ದ ಕರವಸ್ತ್ರವು ಅವನ ಓರೆಗಣ್ಣಿಗೆ ಬೀಳುವುದು. ಆದರೆ ಎದುರಿಗೆ ಬಂದ ಬೀಗರನ್ನು ಗುರುತಿಸದೆ ಮುಂದೆ ಹೋಗುವನು. "ಬೇಕಾದುದು ಕಾಣುವುದು, ಬೇಡವಾದುದು ಕಾಣುವುದಿಲ್ಲ" ಎಂದು ಜನರು ಆಡಿಕೊಳ್ಳುವರು. ಶಿಕ್ಷಣವನ್ನು ಪಡೆದ ಮೇಲಂತೂ ಅವನು ಮಾತನಾಡುವವರ ಮುಖವನ್ನು ಕಾಣಬೇಕಾದರೆ ಅವರ ಹಣೆಯಿಂದಾಚೆಗೋ ಹೆಗಲಿನಿಂದಾಚೆಗೋ ನೋಡಬೇಕು. ಕಣ್ಣಿಗೆ ಕಣ್ಣು ಕೊಡದವನು ಕಪಟಿ, ಬೇರೆ ಕಡೆ ನೋಡುತ್ತ ಮಾತನಾಡುವವನು ಅಹಂಕಾರಿ ಎಂಬುದು ಲೋಕದ ಎಣಿಕೆ. ಇಲ್ಲಿ ಆ ಎಣಿಕೆಯು ಪೂರ್ತಿಯಾಗಿ ಸೋಲುವುದು. ಅವನು ಅತ್ತ ತಿರುಗಿದುದು ಇವರನ್ನು ಕಾಣಬೇಕೆಂಬ ಆಸೆಯಿಂದ; ಮರ್ಯಾದೆಗಾಗಿ ನೇರವಾಗಿ ನೋಡಿದನೆಂದರೆ ಇವರ ಮುಖವು ಅವನಿಗೆ ಇಲ್ಲವಾಯಿತು. ತಾನು ಕಲಿತ ವಿದ್ಯೆಯನ್ನು ನಾಚಿಕೆಯಿಂದ ನಾಲ್ಕು ಜನರೆದುರಿಗೆ ಬಿಟ್ಟುಕೊಡುವವನ ಸಂಕಟವನ್ನು ಯಾವ ಶಿಕ್ಷಕನೂ ಪರಿಹರಿಸಲಾರನು. ಆ ನಾಲ್ಕು ಜನರೇ ಪರಿಹರಿಸಬೇಕು. ಮಾಡಬೇಕಾದುದಾದರೂ ಎಷ್ಟು? ಹತ್ತಿರ ಬಂದಾಗ, "ನಾನು ರಾಮಣ್ಣ" ಎಂದು ಹೆಸರನ್ನು ಹೇಳಿದರೆ ಆಯಿತು.

ನೋಟವು ಕುಂದಿದ ಕೆಲವರಿಗೆ ಇಲ್ಲದ ಮನುಷ್ಯರೂ ಕಟ್ಟಡಗಳೂ ಕಣ್ಣೆದುರಿಗೆ ತೋರುವುದುಂಟು. ಜಿನೀವದ ಚಾರ್ಲ್ಸ್ ಬಾನೆ ಎಂಬ ತತ್ತ್ವಜ್ಞನು ತನ್ನ ತಾತನಿಗೆ ಹೀಗಾದುದನ್ನು 1760ರಲ್ಲಿಯೇ ಬರೆದಿಟ್ಟನು. ಆ ತಾತನ ಬುದ್ಧಿಯು ಸ್ವಸ್ಥವಾಗಿಯೇ ಇದ್ದಿತು. ಹುಚ್ಚೆಂದಾರೆಂದು ಹೆದರಿ ಇದನ್ನು ಬಚ್ಚಿಡುವ ಮುದುಕರಿಗೆ ಆ ಒಂದು ಸಂಗತಿಯನ್ನು ತಿಳಿಸಿದರೆ ಸಾಕು, ಭಯದಲ್ಲಿ ಬಹುಪಾಲು ಇಳಿಯುವುದು.

ಇಷ್ಟಾದರೂ ಒಂದು ಆಕ್ಷೇಪಣೆ ಉಳಿಯುವುದು. ಎಂಬತ್ತು ವರ್ಷ ಓದಿ ದಣಿದವರೊಬ್ಬರು, "ಇನ್ನು ಸಾಕು, ನೀನೇ ಓದು, ನಾನು ಕೇಳುತ್ತೇನೆ" ಎಂದರೆ, ಅವರನ್ನು ಗಡಿಯಾರದ ಚಿತ್ರದ ಮುಂದೆ ಕೂರಿಸಿ ದಂಡಿಸುವುದು ಯಾವ ನ್ಯಾಯ? ಆಕ್ಷೇಪಣೆಯು ಯೋಗ್ಯವಾದುದೇ. ಕೇಳುವುದೂ ಒಂದು ಸುಖ. ಹಿಂದಿನ ಕಾಲದಲ್ಲಿ ಭಾರತವಾಚನವನ್ನು ಕೇಳುತ್ತಿದ್ದವರಲ್ಲಿ ಓದಬಲ್ಲವರೂ ಇದ್ದರು. ಮಗನ ಹಟಕ್ಕಾಗಿ ತಂದೆಯು ಕಲಿಯಬೇಕಾದರೆ, ಅದು ಮೊದಲು ಹೇಳಿದ ಕರುಣೆಯ ಇನ್ನೊಂದು ಮುಖವೇ. ಆದರೆ ಬೇಡವೆಂಬ ಮಾತಿಗೆ ಬೆಲೆ ಬರಬೇಕಾದರೆ, ಏನನ್ನು ಬೇಡವೆನ್ನುತ್ತಿದ್ದೇನೆಂಬುದು ಹೇಳಿದವರಿಗೆ ತಿಳಿದಿರಬೇಕು. "ಮಾಡುವುದೇನೂ ಇಲ್ಲ" ಎಂಬುದನ್ನು ಮಾತ್ರ ಕೇಳಿದವರು ಒಪ್ಪಿದುದೂ ಇಲ್ಲ, ನಿರಾಕರಿಸಿದುದೂ ಇಲ್ಲ. ಬಾಗಿಲಿರುವುದನ್ನೇ ಅರಿಯದೆ ಕೋಣೆಯಲ್ಲಿ ಉಳಿದವರು ಅವರು. ತಿಳಿಸಿದ ಮೇಲೆ ಬೇಡವೆಂದರೆ ಓದಿಹೇಳುವುದು ಸರಿ. ಅಂತಹವರೂ ಕೆಲವು ತಿಂಗಳು ಕಳೆದ ಬಳಿಕ, ಮೊಮ್ಮಗಳ ಕಾಗದ ಬಂದ ದಿನ, ಅದನ್ನು ಇನ್ನೊಬ್ಬರ ಬಾಯಿಂದ ಕೇಳಲು ಮನಸ್ಸಿಲ್ಲದೆ, ಆ ಗಡಿಯಾರದ ಚಿತ್ರವೆಲ್ಲಿ ಎಂದು ವಿಚಾರಿಸಬಹುದು. ಮನೆಯಲ್ಲಿ ಯಾರಾದರೂ ಅದನ್ನು ಎತ್ತಿಟ್ಟಿರಬೇಕು.