ಪರಿಹಾರದ ಹಣ ಯಾರದು?



ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಈಗ ಬೆಂಗಳೂರಿನಲ್ಲಿ ನೆಲೆಸಿರುವ ಒಬ್ಬರು ಮಠಕ್ಕೆ ಬಂದು, "ಬುದ್ಧಿ, ನನ್ನ ಖಾತೆಗೆ ಬಂದಿರುವ ಹಣ ನನ್ನದೋ ಅಲ್ಲವೋ ತಿಳಿಯದಾಗಿದೆ" ಎಂದರು. ಕೈಗೆ ಬಂದ ಹಣದ ಬಗೆಗೆ ಇಂತಹ ಸಂದೇಹ ಹುಟ್ಟುವುದೇ ಅಪೂರ್ವ. ಆದುದರಿಂದ ಅದನ್ನು ತಮ್ಮ ಮುಂದೆಯೂ ಇಡುತ್ತಿದ್ದೇವೆ.

ಗೌರಿಬಿದನೂರಿನ ಸಮೀಪ ಅವರಿಗೆ ಪಿತ್ರಾರ್ಜಿತವಾದ ಎರಡೂವರೆ ಎಕರೆ ಹೊಲವಿದೆ. ಊರಿನ ರೈತರೊಬ್ಬರು ಅದನ್ನು ವಾರಕ್ಕೆ ಮಾಡುತ್ತಾರೆ. 2023ರಲ್ಲಿ ಆ ರೈತರು ಮುಸುಕಿನ ಜೋಳ ಬಿತ್ತಿದರು, ಮಳೆ ಬರಲಿಲ್ಲ. ಸರಕಾರವು ಬರಪೀಡಿತವೆಂದು ಘೋಷಿಸಿದ ತಾಲ್ಲೂಕುಗಳಲ್ಲಿ ಗೌರಿಬಿದನೂರೂ ಒಂದಾಯಿತು. ಮಳೆಯಾಶ್ರಿತ ಬೆಳೆಯ ಹಾನಿಗೆ ಹೆಕ್ಟೇರಿಗೆ 8,500 ರೂಪಾಯಿ, ಹೆಚ್ಚೆಂದರೆ ಎರಡು ಹೆಕ್ಟೇರಿಗೆ, ಎಂಬುದು ನಿಗದಿಯಾದ ದರ. ಆ ಹಣವು 2024ರಲ್ಲಿ ಕಂತುಗಳಲ್ಲಿ ಬಂದಿತು. ಬಂದದ್ದು ಪಹಣಿಯಲ್ಲಿ ಹೆಸರುಳ್ಳವರ ಖಾತೆಗೆ, ಬಿತ್ತಿದವರ ಖಾತೆಗಲ್ಲ.

ಬಿತ್ತಿದವರ ಹೆಸರು ದಾಖಲೆಯಲ್ಲಿ ಏಕಿಲ್ಲ? 1974ರ ಭೂಸುಧಾರಣೆಯು ಉಳುವವನನ್ನೇ ಒಡೆಯನನ್ನಾಗಿ ಮಾಡಿತು. ಮುಂದೆ ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಅದರಿಂದ ಅಸಂಖ್ಯ ಕುಟುಂಬಗಳು ಬದುಕಿದವೆಂಬುದನ್ನು ಅಲ್ಲಗಳೆಯಲಾಗದು. ಆದರೆ ವಾರ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಉಳುವವನಿಗಾಗಿ ಹುಟ್ಟಿದ ಕಾನೂನಿನ ಕಣ್ಣಿಗೆ ಇಂದಿನ ಉಳುವವನು ಕಾಣಿಸುವುದೇ ಇಲ್ಲ! ಹಾಲಿನ ಸಂಗತಿ ಬೇರೆ. 2008ರಲ್ಲಿ ಲೀಟರಿಗೆ ಎರಡು ರೂಪಾಯಿಯಿಂದ ಆರಂಭವಾಗಿ ಐದಕ್ಕೇರಿದ ಪ್ರೋತ್ಸಾಹಧನವು ಡೈರಿಗೆ ಹಾಲು ಹಾಕಿದವರಿಗೆ ಸಲ್ಲುತ್ತದೆ. ಬದುವಿನ ಹುಲ್ಲು ಕೊಯ್ದು ಒಂದೇ ಹಸುವನ್ನು ಸಾಕುವ, ಗೇಣು ನೆಲವಿಲ್ಲದ ತಾಯಿಗೂ ಅದು ಉಂಟು. ಅಲ್ಲಿ ಯಾರೂ ಪಹಣಿ ಕೇಳುವುದಿಲ್ಲ.

ಹಾಗಾದರೆ ಪಹಣಿಯ ಮೇಲೆ ಬಂದ ಹಣವೆಲ್ಲ ಅನ್ಯಾಯದ್ದೇ? ಹಾಗೆನ್ನಲಾರೆವು. 2019ರಿಂದ ವರ್ಷಕ್ಕೆ ಮೂರು ಕಂತಿನಲ್ಲಿ ಬರುತ್ತಿರುವ ಕಿಸಾನ್ ಸಮ್ಮಾನದ 6,000 ರೂಪಾಯಿ ಭೂಮಿಯುಳ್ಳ ಕುಟುಂಬಕ್ಕೆಂದೇ ನೀಡುವ ಆಸರೆ. ಉಳಲಾಗದೆ ಒಂದೆಕರೆಯನ್ನು ವಾರಕ್ಕೆ ಕೊಟ್ಟ ವಿಧವೆಗೆ ಅದೇ ಔಷಧದ ಹಣವಾಗಬಹುದು. (ಸಂಸ್ಥೆಗಳ ಜಮೀನಿಗೆ ಅದು ಸಲ್ಲದು. ಮಠಕ್ಕೆ ಆ ಪ್ರಲೋಭನೆಯೇ ಇಲ್ಲವಾದ್ದರಿಂದ ಉಪದೇಶ ನಮಗೆ ಸುಲಭವೆಂಬುದನ್ನೂ ಬಲ್ಲೆವು.) ಬೆಳೆಹಾನಿ ಪರಿಹಾರ ಅಂತಹುದಲ್ಲ. ಅದು ಬೀಜ, ಗೊಬ್ಬರ, ಕೂಲಿಗೆ ಹಾಕಿ ಮಣ್ಣುಪಾಲಾದುದರ ಸಲುವಾಗಿ ಬಂದುದು. ಆದ್ದರಿಂದ ಕೇಳಬೇಕಾದದ್ದು ಹೊಲ ಯಾರದೆಂದಲ್ಲ, ಬಂಡವಾಳ ಹಾಕಿದವರಾರೆಂದು. ಬೀಜ ಗೊಬ್ಬರಕ್ಕೆ ಒಡೆಯರೂ ಅರ್ಧ ಹಾಕಿದ್ದರೆ ಆ ಅರ್ಧ ಅವರದು. ಏನೂ ಹಾಕದಿದ್ದರೆ ಬ್ಯಾಂಕಿನ ಪುಸ್ತಕದಲ್ಲಿರುವುದು ಇನ್ನೊಬ್ಬರ ಹಣ. ಕಾನೂನು ಅದನ್ನು ಕಳವೆನ್ನದು. ಮಾರಯ್ಯ ಅಂಗಳದಿಂದ ಆಯ್ದು ತಂದ ಅಕ್ಕಿಯನ್ನೂ ಯಾವ ಕಾನೂನೂ ಕಳವೆಂದಿರಲಿಲ್ಲ; ಆದರೂ ಲಕ್ಕಮ್ಮ ಹೆಚ್ಚಾದುದನ್ನು ಹಿಂದಕ್ಕೆ ಕಳುಹಿಸಿದಳು.

ಆ ಮಹನೀಯರು ಏನನ್ನೂ ಹಾಕಿರಲಿಲ್ಲ. ಆದರೆ ಅವರಿಗೊಂದು ಅಂಜಿಕೆಯಿತ್ತು: "ಹಣ ಕೊಟ್ಟರೆ ನಾಳೆ ಅದನ್ನೇ ಆಧಾರ ಮಾಡಿಕೊಂಡು ಹೊಲವನ್ನೇ ಕೇಳಿಯಾರು." ತಂದೆಯ ಕಾಲದಲ್ಲಿ ಭೂಮಿ ಕಳೆದುಕೊಂಡ ಮನೆಗಳನ್ನು ಅವರು ಕಂಡವರು, ಆ ಭಯವನ್ನು ನಾವು ಹಗುರವಾಗಿ ಕಾಣಲಿಲ್ಲ. ವಾರದ ಮಾತು ಕಾಗದವಿಲ್ಲದೆಯೇ ಇಷ್ಟು ವರ್ಷ ನಡೆದಿದೆ, ಪೈರು ಬಂದಾಗ ಅವರ ಪಾಲು ಕಾಗದವಿಲ್ಲದೆಯೇ ಬೆಂಗಳೂರಿಗೆ ತಲುಪಿದೆ, ಈ ಹಣವೂ ಹಾಗೆಯೇ ಹಿಂದಿರುಗಲಾಗದೇ ಎಂದಷ್ಟೇ ಕೇಳಿದೆವು.

ಹಬ್ಬಕ್ಕೆ ಊರಿಗೆ ಹೋದಾಗ ಅವರು ಪೂರ್ತಿ ಹಣವನ್ನು ಆ ರೈತರ ಕೈಗಿತ್ತರಂತೆ. ರೈತರು ಎಣಿಸದೆ ತೆಗೆದುಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಜಮಾನರೇ, ಹಿಂದಿನ ಬರದಲ್ಲೂ ಬಂದಿತ್ತೇ?" ಎಂದು ಕೇಳಿದರಂತೆ.

ಅದಕ್ಕೆ ಏನು ಹೇಳಲೆಂದು ಕೇಳಲು ಅವರು ಮತ್ತೆ ಮಠಕ್ಕೆ ಬಂದಿದ್ದರು. ಹಳೆಯ ಬ್ಯಾಂಕ್ ಪುಸ್ತಕವನ್ನು ಜೊತೆಯಲ್ಲಿ ತಂದಿದ್ದರು.