ದೀಪ ಹತ್ತಿದ ಮೇಲೆ

ಕಾರ್ಯವು ಕೈಗೂಡಿದ ಮಾತ್ರಕ್ಕೆ ಕಾರಣವು ತಿಳಿಯಿತೆಂದು ಹೇಳಬಹುದೆ? ತಾರ್ಕಿಕರು ಬಹುಕಾಲದಿಂದ ವಿಚಾರಿಸುತ್ತ ಬಂದಿರುವ ಈ ಪ್ರಶ್ನೆಯು ಮಲೆನಾಡಿನಲ್ಲಿ ಮಳೆಗಾಲದ ಸಂಜೆಗಳಲ್ಲಿ ತಾನಾಗಿ ಏಳುವುದುಂಟು. ಅದು ಏಳುವುದು ಹಳೆಯ ಜೀಪಿನ ಮುಂದಿನ ದೀಪದಲ್ಲಿ.

ವಿಲ್ಲಿಸ್ ಜೀಪುಗಳನ್ನು ಮಹೀಂದ್ರ ಸಂಸ್ಥೆಯವರು ನಮ್ಮ ದೇಶದಲ್ಲಿ ಜೋಡಿಸತೊಡಗಿದುದು 1940ರ ದಶಕದ ಕೊನೆಯಲ್ಲಿ. ಆ ಸಂತತಿಯ, ನಾಲ್ಕು ಚಕ್ರಗಳಿಗೂ ಬಲ ಹಾಯುವ ಗಾಡಿಗಳು ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಗಳ ತೋಟದ ಮನೆಗಳಲ್ಲಿ ಇಂದಿಗೂ ಉಳಿದಿವೆ. ಅಡಕೆಯ ಮೂಟೆ, ದಿಬ್ಬಣದ ಜನ, ಪ್ರಸವವೇದನೆಯ ಹೆಂಗಸು, ಎಲ್ಲರನ್ನೂ ಅವು ಹೊತ್ತಿವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಂಥ ಗಾಳಿಯಲ್ಲಿ ಕಬ್ಬಿಣವು ತುಕ್ಕು ಹಿಡಿಯುವುದು ಸಹಜವೇ ಹೊರತು ಆಶ್ಚರ್ಯವಲ್ಲ.

ದೀಪವು ಮಂಕಾಯಿತು. ಹೊಸ ಬಲ್ಬು ತಂದು ಹಾಕಿದರು, ಬೆಳಕು ಬಂದಿತು, ಎಲ್ಲರಿಗೂ ಸಮಾಧಾನವಾಯಿತು. ಎಂಟು ದಿನಗಳಲ್ಲಿ ಮತ್ತೆ ಮಂಕು. ಇಲ್ಲಿ ನಡೆದುದೇನು? ಹಳೆಯದನ್ನು ಕಿತ್ತು ಹೊಸದನ್ನು ಒತ್ತುವಾಗ ಹಿಡಿಕೆಯ ತುಕ್ಕು ತುಸು ಕೆರೆದುಹೋಯಿತು, ಅಷ್ಟೆ. ಕೆರೆತದ ಫಲವು ಬಲ್ಬಿನ ಖಾತೆಗೆ ಜಮೆಯಾಯಿತು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸಂಬಂಧ ಕಲ್ಪಿಸಿದಂತೆಯೇ ಇದು.

ದೋಷವು ತೋರುವ ಸ್ಥಳವೊಂದು, ಇರುವ ಸ್ಥಳವೊಂದು. ವಿದ್ಯುತ್ತು ಬ್ಯಾಟರಿಯಿಂದ ಗುಂಡಿಗೆ, ಅಲ್ಲಿಂದ ಕಾಲಿನಿಂದ ಒತ್ತುವ ಡಿಪ್ಪರಿಗೆ, ಬಳಿಕ ದೀಪಕ್ಕೆ ತಂತಿಯ ಮೂಲಕ ಬರುತ್ತದೆ. ಮರಳಿ ಹೋಗುವುದಕ್ಕೆ ಬಹುಮಟ್ಟಿಗೆ ತಂತಿಯಿಲ್ಲ. ಗಾಡಿಯ ಮೈಯೇ ದಾರಿ. ಆ ಮೈಗೆ ಬಿಗಿದ ಒಂದು ಮೊಳೆಯ ಬುಡದಲ್ಲಿ ತುಕ್ಕು ಕೂತರೆ ಮರಳುವ ದಾರಿಯು ಕಿರಿದಾಗುತ್ತದೆ. ದೀಪಕ್ಕೆ ದೊರೆಯುವ ವೋಲ್ಟು ನೂರಕ್ಕೆ ಹತ್ತರಷ್ಟು ಕುಗ್ಗಿದರೆ ಬೆಳಕು ಹತ್ತರಷ್ಟಲ್ಲ, ಸುಮಾರು ಮೂವತ್ತರಷ್ಟು ಕುಗ್ಗುತ್ತದೆ. ಕೆಲವು ವೇಳೆ ಮುಂದಿನ ದೀಪವನ್ನು ಹತ್ತಿಸಿದರೆ ಸಂಬಂಧವೇ ಇಲ್ಲದ ಚಿಕ್ಕ ದೀಪವೊಂದು ಮಿಣುಕುವುದುಂಟು. ತನ್ನ ದಾರಿ ಮುಚ್ಚಿದ ವಿದ್ಯುತ್ತು ನೆರೆಯವನ ಹಿತ್ತಿಲಿನಿಂದ ನುಸುಳಿ ಮನೆ ಸೇರುತ್ತಿದೆ! ಇದನ್ನು ಕಂಡವನು ಚಿಕ್ಕ ದೀಪವನ್ನು ಬಿಚ್ಚಲು ಕುಳಿತರೆ ಸಂಜೆಯೆಲ್ಲ ಹಾಳು.

ಇನ್ನೊಂದು ಸೂಕ್ಷ್ಮವುಂಟು. ಬಲ್ಬನ್ನು ಕಳಚಿ, ಬರಿಯ ತಂತಿಯ ತುದಿಗೆ ಮಾಪಕವನ್ನು ಹಿಡಿದರೆ ಹನ್ನೆರಡು ವೋಲ್ಟು ಪೂರ್ತಿಯಾಗಿ ತೋರುತ್ತದೆ. ಹತ್ತು ಎಳೆಗಳಲ್ಲಿ ಒಂಬತ್ತು ಹರಿದಿದ್ದರೂ ತೋರುತ್ತದೆ. ಹೊರೆಯಿಲ್ಲದ ತಂತಿಯಲ್ಲಿ ಕುಂದೇ ಕಾಣದು. ಆದಕಾರಣ ಬಲ್ಲವರು ದೀಪವನ್ನು ಉರಿಯಗೊಟ್ಟು, ಮಾಪಕದ ಒಂದು ಮೊನೆಯನ್ನು ಬ್ಯಾಟರಿಯ ಋಣತುದಿಗೂ ಇನ್ನೊಂದನ್ನು ದೀಪದ ಮರಳುತುದಿಗೂ ಹಿಡಿಯುತ್ತಾರೆ. ಅಲ್ಲಿ ಹೆಚ್ಚುಕಡಮೆ ಸೊನ್ನೆ ಇರತಕ್ಕದ್ದು. ಒಂದೆರಡು ವೋಲ್ಟು ಕಂಡರೆ ಕಳ್ಳನು ಆ ದಾರಿಯಲ್ಲೇ ಇದ್ದಾನೆ. ಮನುಷ್ಯರ ಸಜ್ಜನಿಕೆಯನ್ನೂ ಬಹಳ ಮಂದಿ ಹೊರೆಯಿಲ್ಲದ ಸಮಯದಲ್ಲಿ ಅಳೆದು ತೃಪ್ತರಾಗುತ್ತಾರೆ. ಆದರೆ ಅದು ಬೇರೆ ಲೇಖನದ ವಿಷಯ.

ಕಾರಣವನ್ನು ಅರಿಯದೆ ನಿಲ್ಲಿಸುವುದು ಬರಿಯ ಬುದ್ಧಿಯ ಸೋಮಾರಿತನವಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಅದರಿಂದ ಅನ್ಯಾಯವೂ ಹುಟ್ಟುತ್ತದೆ. ದೀಪ ಕೆಟ್ಟ ಹಿಂದಿನ ದಿನ ಗಾಡಿಯನ್ನು ತೊಳೆದ ಹುಡುಗನೊಬ್ಬ ಇದ್ದೇ ಇರುತ್ತಾನೆ. ನೀರು ಹೊಯ್ದವನು ಅವನು, ಕೆಟ್ಟದ್ದು ಆಮೇಲೆ. ತೀರ್ಪಿಗೆ ಇನ್ನೇನು ಬೇಕು? ಹತ್ತು ಮಳೆಗಾಲಗಳ ತುಕ್ಕಿಗೆ ಒಂದು ಕೊಡ ನೀರು ಹೊಣೆಯಾಗಿ, ಅವನ ಕೂಲಿಯಲ್ಲಿ ಬಲ್ಬಿನ ಬೆಲೆ ಮುರಿದುಹೋಗುತ್ತದೆ. ಫ್ಯೂಸಿನ ಗತಿಯೂ ಇಂಥದೇ. ಎಲ್ಲಿಯೋ ತಂತಿಯ ಹೊದಿಕೆ ಸವೆದು ಮೈಗೆ ತಗಲುತ್ತಿದೆಯೆಂದು ಅದು ತನ್ನನ್ನು ಸುಟ್ಟುಕೊಂಡು ತಿಳಿಸಿದರೆ, ಸಿಗರೇಟಿನ ಪೊಟ್ಟಣದ ಬೇಗಡೆಯನ್ನು ಸುತ್ತಿ ಅದರ ಬಾಯನ್ನು ಮುಚ್ಚುತ್ತಾರೆ. ಮುಂದಿನ ಸಲ ಸುಡುವುದು ಫ್ಯೂಸಲ್ಲ, ತಂತಿ.

ನೈಯಾಯಿಕರು ಅನ್ವಯ ವ್ಯತಿರೇಕಗಳೆರಡನ್ನೂ ಕೇಳಿದರು: ಇದ್ದರೆ ಇರಬೇಕು, ಇಲ್ಲದಿದ್ದರೆ ಇರಬಾರದು. ಮೊಳೆಯನ್ನು ಉಜ್ಜಿ ಬಿಗಿದ ಮೇಲೆ, ಕೆಟ್ಟಿತೆಂದು ಎಸೆದ ಹಳೆಯ ಬಲ್ಬನ್ನೇ ಮರಳಿ ಹಾಕಿ ನೋಡತಕ್ಕದ್ದು. ಅದು ಚೆನ್ನಾಗಿ ಉರಿದರೆ ಅದು ನಿರಪರಾಧಿ. ಮೊಳೆಯನ್ನು ಮತ್ತೆ ಸಡಿಲಿಸಿದರೆ ಮಂಕು ಮರಳಬೇಕು. ಸರಿಯಾದುದನ್ನು ಪುನಃ ಕೆಡಿಸುವುದಕ್ಕೆ ಯಾರ ಮನಸ್ಸೂ ಒಪ್ಪದು, ಮಳೆಯಲ್ಲಂತೂ ಒಪ್ಪದು. ಆದರೂ ಹುಡುಗನ ಕೂಲಿಯನ್ನು ಹಿಂದಿರುಗಿಸುವುದಕ್ಕೆ ಬೇಕಾದ ಸಾಕ್ಷಿ ಅದೊಂದೇ.

ಎಲ್ಲ ಸಂಜೆಗಳೂ ಅಷ್ಟು ಬಿಡುವು ಕೊಡುವುದಿಲ್ಲ. ತೀರ್ಥಹಳ್ಳಿಯ ಕಡೆಯ ರೋಗಿಯನ್ನು ರಾತ್ರಿಯೇ ಮಣಿಪಾಲದ ಆಸ್ಪತ್ರೆಗೆ ಒಯ್ಯಬೇಕು. ನಡುವೆ ಆಗುಂಬೆಯ ಘಾಟಿಯ ತಿರುವುಗಳು, ಮಂಜು. ತಂತಿಯನ್ನು ಅಲುಗಿಸಿದಾಗ ದೀಪ ಹತ್ತಿದೆ, ಏಕೆಂದು ತಿಳಿಯದು. ಚಾಲಕನು ಹೊರಡಬಾರದೆಂದು ಯಾವ ಶಾಸ್ತ್ರವೂ ವಿಧಿಸಲಾರದು. ಆದರೆ “ಸರಿಯಾಯಿತು” ಎಂದು ಹೇಳುವ ಹಕ್ಕು ಅವನಿಗಿಲ್ಲ. ದೀಪ ಹತ್ತಿದೆ, ಏಕೆ ಆರಿತ್ತೋ ಕಾಣೆ, ದಾರಿಯಲ್ಲಿ ಮತ್ತೆ ಆರಬಹುದು ಎಂದು ರೋಗಿಯ ಮನೆಯವರಿಗೆ ಅವನು ತಿಳಿಸಬೇಕು. ಆಗ ಅವರು ಇನ್ನೊಂದು ಗಾಡಿಯನ್ನು ಕರೆಸಿಯಾರು. ಇಲ್ಲವೆ ದೊಡ್ಡ ಟಾರ್ಚೊಂದನ್ನು ಹಿಡಿದು ಅವನ ಪಕ್ಕದಲ್ಲಿ ಕುಳಿತಾರು.